ತಿಪ್ಪೇರುದ್ರಮ್ಮನ ‘ಮ್ಮ’ ಮತ್ತು ಐದು ಪಾಯಿಂಟ್

ಹೋದ ಮಂಗಳವಾರ ಮೊಳಕಾಲ್ಮೂರಿನಿಂದ ಫೋನ್ ಬಂತು. ರೇಷ್ಮೆ ಸೀರೆ ನೇಯುವ ತಿಪ್ಪೇರುದ್ರಮ್ಮ.

“ತಂಗೀ, ನೇಯ್ದೋಳು ನಾನು. ಚೀಟೀಲಿ ಯಾರೋ ಗಂಡಸಿನ ಹೆಸರು ಐತಲ್ಲ?”

ನಿಜ. ಅಲ್ಲಿನ ನೇಕಾರರ ಸಂಘಕ್ಕೆ ಸಾಫ್ಟ್‌ವೇರ್ ಮಾಡಿಕೊಟ್ಟವರು ನಾವೇ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಮಹಡಿಯಲ್ಲಿ ಕೂರುವ ಐದು ಜನ. ಸೀರೆಗೆ ಕಟ್ಟುವ ಚೀಟಿಯಲ್ಲಿ ನೇಯ್ದವರ ಹೆಸರು ಅಚ್ಚಾಗಬೇಕು. ಹೆಸರು ಉದ್ದವಾದರೆ ನಮ್ಮ ಪ್ರೋಗ್ರಾಂ ಅದರ ಬಾಲ ಕತ್ತರಿಸುತ್ತಿತ್ತು. ‘ಮ್ಮ’ ಹಾರಿಹೋಗಿ ‘ತಿಪ್ಪೇರುದ್ರ’ ಉಳಿದಿದ್ದ.

“ಶನಿವಾರ ಚಿತ್ರದುರ್ಗದಾಗೆ ಸೀರೆ ಪ್ರದರ್ಶನ ಐತೆ. ಅಷ್ಟ್ರೊಳಗೆ ಸರಿ ಮಾಡ್ತೀಯಾ?”

ಹೆಸರಿಗೆ ಎಷ್ಟು ಅಕ್ಷರ ಎಂಬ ಒಂದು ಅಂಕಿ ಬದಲಿಸಿದರಾಯಿತು. ಹತ್ತು ನಿಮಿಷ.

ಆದರೆ ನಮ್ಮಲ್ಲಿ ಪ್ರೊಸೆಸ್ ಇದೆ. ಮ್ಯಾನೇಜರ್ ಲೋಕೇಶ್ ಎರಡು ದಿನದ ಟ್ರೈನಿಂಗ್ ಮುಗಿಸಿ ಬಂದ ಮೇಲೆ ದಿನಾ ಬೆಳಿಗ್ಗೆ ನಿಂತುಕೊಂಡೇ ಮೀಟಿಂಗ್. (ನಿಂತರೆ ಬೇಗ ಮುಗಿಯುತ್ತದಂತೆ. ಈಗ ಮುಕ್ಕಾಲು ಗಂಟೆ ನಿಲ್ಲುತ್ತೇವೆ.) ಯಾವುದೇ ಕೆಲಸವಿರಲಿ, ಅದು ಎಷ್ಟು ‘ಪಾಯಿಂಟ್’ ತೂಗುತ್ತದೆ ಎಂದು ಎಲ್ಲರೂ ಅಂಕಿಯ ಕಾರ್ಡ್ ಎತ್ತಿ ತೋರಿಸಬೇಕು.

ನಾನು ಒಂದು ತೋರಿಸಿದೆ. ಪಕ್ಕದ ಮೇಜಿನ ಮಂಜು ಎಂಟು ತೋರಿಸಿದ.

“ಎಂಟ್ಯಾಕೆ ಲೇ?” ಲೋಕೇಶ್ ಕೇಳಿದರು.

“ಹೆಸರಿನ ವಿಷ್ಯ ಸಾರ್. ರಿಸ್ಕ್ ಐತೆ.”

ಒಂದು ಗಂಟೆ ಚರ್ಚೆಯಾಗಿ ಐದಕ್ಕೆ ರಾಜಿಯಾಯಿತು. ಹತ್ತು ನಿಮಿಷದ ಕೆಲಸ ಎಷ್ಟು ದೊಡ್ಡದೆಂದು ತಿಳಿಯಲು ಐದು ಜನರ ಒಂದೊಂದು ಗಂಟೆ. ಈ ಹದಿನೈದು ದಿನದ ಪಟ್ಟಿ ಭರ್ತಿಯಾಗಿದೆ, ಮುಂದಿನದರಲ್ಲಿ ನೋಡೋಣ ಎಂದರು ಲೋಕೇಶ್. (ಈ ಹದಿನೈದು ದಿನಕ್ಕೆ ‘ಸ್ಪ್ರಿಂಟ್’ ಎಂದು ಹೆಸರು. ಅಂದರೆ ಓಟ. ಓಡಿದವರನ್ನು ನಾನಂತೂ ಕಂಡಿಲ್ಲ.)

ತಿಪ್ಪೇರುದ್ರಮ್ಮನಿಗೆ ಫೋನ್ ಮಾಡಿ ಐದು ಪಾಯಿಂಟ್ ಎಂದೆ.

“ಐದು ದಿನಾನಾ?”

“ದಿನ ಅಲ್ಲ ಅಕ್ಕ.”

“ಗಂಟೇನಾ?”

“ಗಂಟೇನೂ ಅಲ್ಲ.”

“ಮತ್ತೇನು?”

ಆರು ವರ್ಷದ ಅನುಭವವಿದೆ ನನಗೆ. “ಪಾಯಿಂಟ್ ಅಂದ್ರೆ ಪಾಯಿಂಟೇ ಅಕ್ಕ,” ಎಂದೆ.

“ಹೋಗ್ಲಿ ಬಿಡು,” ಎಂದರು. “ಇಷ್ಟು ವರ್ಷ ನಮ್ಮ ಯಜಮಾನ್ರ ಹೆಸರಲ್ಲೇ ಹೋದ್ವು ಸೀರೆ. ಈ ಸರ್ತಿ ನನ್ ಹೆಸರು ಬರ್ತೈತೆ ಅಂದ್ಕಂಡಿದ್ದೆ, ಅಷ್ಟೇ.”

ಫೋನಿಟ್ಟ ಮೇಲೆ ನಾಚಿಕೆಯಾಯಿತು. ಎಲ್ಲರೂ ಊಟಕ್ಕೆ ಹೋದಾಗ ಕೂತು ಸರಿಮಾಡಿಬಿಟ್ಟೆ. ಹನ್ನೆರಡು ನಿಮಿಷ ಹಿಡಿಯಿತು. (ನನ್ನ ಅಂದಾಜೂ ತಪ್ಪಿತು, ಒಪ್ಪಿಕೊಳ್ಳುತ್ತೇನೆ.) ಸಂಘದವರು ಹೊಸ ಚೀಟಿ ಅಚ್ಚು ಹಾಕಿಕೊಂಡರು.

ಶನಿವಾರ ಸಂಜೆ ಮತ್ತೆ ಫೋನ್. “ಇಬ್ರು ಹೆಣ್ಮಕ್ಳು ಚೀಟಿ ಓದಿ, ತಿಪ್ಪೇರುದ್ರಮ್ಮ ಅಂದ್ರೆ ನೀವೇನಾ ಅಂತ ಕೇಳಿದ್ರು ತಂಗೀ. ಹೂಂ ನಾನೇ ಅಂದೆ.” ಅದನ್ನೇ ಇನ್ನೊಂದು ಸಲ ಹೇಳಿದರು.

ಸೋಮವಾರ ಲೋಕೇಶ್ ಮುಖ ಗಂಟು ಹಾಕಿಕೊಂಡಿದ್ದರು. “ಕೆಲಸ ಆಗಿದ್ದು ಸರಿ ಮೇಡಂ. ಆದ್ರೆ ಪ್ರೊಸೆಸ್ ಗತಿ ಏನು?” ಗತಿ ಕಾಣಿಸಲು ನಾನು ಅದೇ ಕೆಲಸಕ್ಕೆ ಹೊಸದಾಗಿ ಟಿಕೆಟ್, ಅಂದರೆ ಕೆಲಸದ ಅರ್ಜಿ, ಬರೆದೆ; ಐವರೂ ಮತ್ತೆ ನಿಂತು ಕಾರ್ಡ್ ಎತ್ತಿ ಚರ್ಚಿಸಿದೆವು.

ಆಗಿಹೋದ ಕೆಲಸ ಎಷ್ಟು ಪಾಯಿಂಟ್ ತೂಗಬಹುದು ಎಂದು ಊಹಿಸುವ ವಿದ್ಯೆ ಯಾವ ಜ್ಯೋತಿಷಿಗೆ ಗೊತ್ತಿದೆ, ನೀವೇ ಹೇಳಿ?