ಪಂಚಮಿಯ ಹಾಲು, ಗೋಡೆಯ ಕೊಡಲಿ

ಪುಟ್ಟಿ, ಚಿನ್ನು, ಮೊನ್ನೆ ಇಲ್ಲಿ ರಾಣೇಬೆನ್ನೂರಿನ ಮನೆಯಲ್ಲಿ ಇಂಗ್ಲಿಷ್ ಪಾಠ ಓದುತ್ತ, ‘ಪೋರ್’ ಅಂದರೆ ಸುರಿಯುವುದು, ಅದಕ್ಕೊಂದು ವಾಕ್ಯ ಹೇಳು ಅಜ್ಜಿ ಎಂದಿರಿ. ಮಳೆ ಸುರಿಯಿತು ಎಂದೆ. ಇನ್ನೊಂದು ಎಂದಿರಿ. ಬೈಗುಳ ಸುರಿದರು, ರಕ್ತ ಸುರಿಯಿತು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಎದುರು ಕೂತು ಹೇಳುವುದು ನನಗೆ ಮೊದಲಿನಿಂದಲೂ ಆಗದು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಜ್ಜನ ಹಣೆಯ ಮೇಲಿದ್ದ ಗುರುತು ಎತ್ತು ಹಾಯ್ದದ್ದಲ್ಲ. ಅವರ ಅಣ್ಣ, ಅಂದರೆ ನಿಮ್ಮ ದೊಡ್ಡಜ್ಜ, ಕೊಡಲಿಯಿಂದ ಹೊಡೆದದ್ದು.

ಆಗ ಐರಣಿಯ ಹತ್ತಿರ ಹೊಳೆದಂಡೆಯ ಊರಲ್ಲಿ ಎಲ್ಲರೂ ಒಟ್ಟಿಗಿದ್ದೆವು. ಒಣಗಿದ ಮೆಣಸಿನಕಾಯಿಯನ್ನು ಚೀಲಕ್ಕೆ ತುಂಬುವ ಹಿಂದಿನ ಸಂಜೆ ಕೈಯಿಂದ ಒಂದಿಷ್ಟು ನೀರು ಚಿಮುಕಿಸುತ್ತಾರೆ. ಕಾಯಿ ಮೆತ್ತಗಾಗಿ, ತುಳಿದು ತುಂಬಿದರೂ ಮುರಿಯುವುದಿಲ್ಲ. ಆ ವರ್ಷ ದೊಡ್ಡಜ್ಜ ತೂಕ ಬರಲೆಂದು ಕೊಡಗಟ್ಟಲೆ ಸುರಿದರು. ಬ್ಯಾಡಗಿ ಪೇಟೆಯಲ್ಲಿ ಚೀಲ ಬಿಚ್ಚಿದರೆ ಒಳಗಿನ ಕಾಯಿ ಬಿಸಿಯಾಗಿ ಮುಗ್ಗಲು ನಾತ ಹೊಡೆಯುತ್ತಿತ್ತಂತೆ. ಒಬ್ಬರೂ ಮುಟ್ಟಲಿಲ್ಲ. ಹಮಾಲರ ಎದುರೇ ತಮ್ಮನಿಂದ ಬೈಸಿಕೊಂಡ ಅಣ್ಣ ಊರಿಗೆ ಮರಳಿ ಅಂಗಳಕ್ಕೆ ಕಾಲಿಟ್ಟ ಕೂಡಲೇ ಗೋಡೆಗೆ ಆನಿಸಿದ್ದ ಕೊಡಲಿ ಎತ್ತಿದರು. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ಓಡಿ ಬರುವಷ್ಟರಲ್ಲಿ ನಿಮ್ಮಜ್ಜ ಮಾರದೆ ವಾಪಸು ತಂದ ಚೀಲಗಳ ಮೇಲೆ ಬಿದ್ದಿದ್ದರು. ಕೆಂಪು ಕಾಯಿಯ ಮೇಲೆ ರಕ್ತ ಹರಿದದ್ದು ಬೇರೆಯಾಗಿ ಕಾಣಲೇ ಇಲ್ಲ. ಖಾರದ ಧೂಳು ಗಾಯಕ್ಕೆ ಇಳಿದು ಅವರು ಒದರಿದ ದನಿ ಈಗಲೂ ಕಿವಿಯಲ್ಲಿದೆ.

ನಡುಮನೆಯಲ್ಲಿ ಗೋಡೆ ಎದ್ದಿತು. ಅತ್ತೆ ನಮ್ಮ ಕಡೆ ಉಳಿದರು. ಗಾಯ ಮಾಗಿದ ಮೇಲೆ ನಿಮ್ಮಜ್ಜ ದಿನಾ ಮುಂಜಾನೆ ಅದೇ ಕೊಡಲಿಯನ್ನು ಕಲ್ಲಿಗೆ ಮಸೆಯತೊಡಗಿದರು. ಯಾಕೆಂದು ಅಂಜುತ್ತಲೇ ಕೇಳಿದೆ.

“ಪಂಚಮಿ ಮುಗೀಲಿ,” ಎಂದರು. “ಹಬ್ಬದಾಗ ಮನಿಗೆ ಸೂತಕ ಬ್ಯಾಡ.”

ಪಂಚಮಿಯಂದು ಮಣ್ಣಿನ ನಾಗಪ್ಪನಿಗೆ ಹಾಲೆರೆಯುವಾಗ ಮನೆಯ ಒಬ್ಬೊಬ್ಬರ ಪಾಲನ್ನೂ ಬಾಯಿಬಿಟ್ಟು ಹೇಳಬೇಕು. ಪಾಲು ತಪ್ಪಿದವನು ಮನೆಯವನಲ್ಲ. ನಿಮ್ಮಜ್ಜ ಬಂದು ಬೆನ್ನ ಹಿಂದೆ ನಿಂತರು.

“ಅವನ ಪಾಲು ಅಂದಿ ಅಂದ್ರ ನಿನ್ನ ಕೈ ಉಳಿಯೂದಿಲ್ಲ ನೋಡು.”

ಅವರಿಗೆ ನಾನು ಎಂದೂ ಎದುರಾಡಿದವಳಲ್ಲ. ಅಪ್ಪನ ಪಾಲು, ಅವ್ವನ ಪಾಲು ಎನ್ನುತ್ತ ಕೊಬ್ಬರಿ ಬಟ್ಟಲಿಂದ ಹಾಲೆರೆದೆ. ಕೊನೆಗೆ ಕಣ್ಣು ಮುಚ್ಚಿ “ಭಾವಾರ ಪಾಲು” ಎಂದೆ. ಒದ್ದರು. ಬಟ್ಟಲು ಗೋಡೆಗೆ ಬಡಿದು ಒಡೆಯಿತು, ನನ್ನ ಬಲಗೈ ಮಣಿಕಟ್ಟು ಲಟಕ್ಕೆಂದಿತು.

ಪಕ್ಕದಲ್ಲಿ ಕೂತಿದ್ದ ಅತ್ತೆ ತಲೆ ಎತ್ತಲಿಲ್ಲ. ನೆಲದ ಮೇಲೆ ಹರಿದ ಹಾಲಲ್ಲಿ ಬೆರಳು ಅದ್ದಿ ನಾಗಪ್ಪನ ಹೆಡೆಗೆ ಹನಿಸಿದರು.

“ನನ್ನ ಹಿರೇಮಗನ ಪಾಲು. ಕಡಿಯಾಂವ ಇದ್ರ ಮೊದಲ ನನ್ನ ಕಡಿಯೋ. ನಿಮ್ಮಿಬ್ಬರಿಗೂ ಹಾಲು ಕುಡಿಸಿದಾಕಿ ನಾನ.”

ನಿಮ್ಮಜ್ಜ ಕೊಡಲಿ ಎತ್ತಿಕೊಂಡು ಹೊರಗೆ ಹೋದರು. ಆಚೆ ಮನೆಗೇ ನುಗ್ಗಿದರೆಂದು ನಾವಿಬ್ಬರೂ ನಡುಗೋಡೆಗೆ ಕಿವಿ ಹಚ್ಚಿದೆವು. ಹಿತ್ತಲಲ್ಲಿ ಏಟು ಕೇಳಿಸಿತು. ಜಾಲಿಯ ಕೊರಡನ್ನು ಕಡಿಯುತ್ತಿದ್ದರು. ಕತ್ತಲಾಗುವವರೆಗೆ, ಕೊಡಲಿಯ ಬಾಯಿ ಮುರಿಯುವವರೆಗೆ ಕಡಿದರು. ಆಮೇಲೆ ಅದನ್ನು ಮಸೆಯಲಿಲ್ಲ. ಅಣ್ಣನ ಜೊತೆ ಮಾತೂ ಆಡಲಿಲ್ಲ, ಸಾಯುವತನಕ.

ಎಡಗೈಯಲ್ಲಿ ಚಹಾ ಸುರಿದು ಬಸಿಯೆಲ್ಲ ತುಂಬಿಸುತ್ತೀ ಎಂದು ನಗುತ್ತೀರಲ್ಲ, ಬಲಗೈಯ ಆ ಮಣಿಕಟ್ಟು ಮತ್ತೆ ನೆಟ್ಟಗಾಗಲಿಲ್ಲ.

ನೀವು ರಜೆಯಲ್ಲಿ ಆಡಲು ಹೋಗುವುದು ದೊಡ್ಡಜ್ಜನ ಮೊಮ್ಮಕ್ಕಳ ಜೊತೆಗೇ. ಜಗಳ ಬಂದಾಗ ಇದನ್ನು ಅವರ ಮುಖಕ್ಕೆ ಎಸೆಯಬೇಡಿ. ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ, ನೀರು ತಾಗದ ಹಾಗೆ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.