ಕಾಲುವೆಯ ಫೋಟೊ ಹೇಳಿದ್ದೇನು?

ಸಿಂಧನೂರಿನ ಚಹಾ ಅಂಗಡಿಯಲ್ಲಿ ನಾಲ್ಕೈದು ಜನ ಒಂದೇ ಮೊಬೈಲಿಗೆ ತಲೆ ಬಗ್ಗಿಸಿದ್ದರು. ನಮ್ಮ ಭಾಗದ ನಾಯಕರೊಬ್ಬರ ಫೇಸ್‌ಬುಕ್ ಪುಟದಲ್ಲಿ ಆಗಷ್ಟೇ ಬಂದ ಫೋಟೊ ಅದು: ತಿರುವಿನಲ್ಲಿ ಹೊರಳಿ ತುಂಬಿ ಹರಿಯುವ ಕಾಲುವೆ, ಮೇಲೆ ‘ಶುಭೋದಯ’.

“ಕಾಲುವಿ ಹೊಳ್ಳೇತಿ ನೋಡ್ರಿ, ಸಾಹೇಬ್ರೂ ಹೊಳ್ಳತಾರ. ಪಾರ್ಟಿ ಬಿಡೂದು ಗ್ಯಾರಂಟಿ,” ಎಂದು ನಮ್ಮ ಓಣಿಯ ಬಸಣ್ಣ ಕಾಕಾ ತೀರ್ಪು ಕೊಟ್ಟರು.

ನನಗೆ ನಗು ಬಂತು. ಆ ಪುಟ ನೋಡಿಕೊಳ್ಳುವವನೇ ನಾನು. ತುರ್ವಿಹಾಳಕ್ಕೆ ಹೋದಾಗ ನೀರು ಚೆಂದ ಕಂಡಿತು, ಫೋಟೊ ಹೊಡೆದು ಹಾಕಿದೆ, ಅಷ್ಟೇ ಎಂದೆ.

“ಹಂಗ ಹೇಳಂತ ಸಾಹೇಬ್ರ ನಿನಗ ಹೇಳಿರ್ತಾರ ಬಿಡಪಾ,” ಎಂದು ಕಾಕಾ ಚಹಾ ಗುಟುಕರಿಸಿದರು.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಸಾಹೇಬರದೇ. ಹೊರಗೆ ಬಂದು ಎತ್ತಿದರೆ, ಅವರು ದನಿ ತಗ್ಗಿಸಿ ಕೇಳಿದರು: “ಮೊದ್ಲ ಆ ಫೋಟೊ ಡಿಲೀಟ್ ಮಾಡು. ಈ ಸುದ್ದಿ ನಿನಗ ಯಾರು ಹೇಳ್ಯಾರ?”

ಯಾವ ಸುದ್ದಿ ಎಂದು ಕೇಳಲು ಧೈರ್ಯವಾಗಲಿಲ್ಲ. ಫೋಟೊ ಅಳಿಸಿದೆ. ಒಳಗೆ ಬಂದಾಗ ಕಾಕಾ ನನ್ನನ್ನು ನೋಡಿ ತಲೆಯಾಡಿಸಿದರು.

ಅವತ್ತು ಆ ಫೋಟೊ ಹಾಕಿ ನಾನು ಹೇಳಿದ್ದಾದರೂ ಏನು ಎಂಬುದು ಇವತ್ತಿಗೂ ನನಗೆ ತಿಳಿದಿಲ್ಲ. ಈಗ ಶುಭೋದಯಕ್ಕೆ ಒಂದು ದಾಸವಾಳದ ಚಿತ್ರ ಹಾಕಬೇಕಾದರೂ, ಇದರ ಅರ್ಥವೇನೆಂದು ಮೊದಲು ಬಸಣ್ಣ ಕಾಕಾರನ್ನು ಕೇಳುತ್ತೇನೆ.