ಮಾರಲೆಂದು ಚಂದ ಮಾಡಿದ ಮನೆ

ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಕಂಬಿಗಳಿಗೆ ಬಣ್ಣ ಹೊಡೆಸುತ್ತಿದ್ದಾರೆ. ಹೋದ ವಾರ ಶಾಲೆ ಮುಗಿಸಿಕೊಂಡು ಬಂದು ಗೇಟು ತಳ್ಳಿದರೆ ಟರ್ಪೆಂಟೈನ್ ವಾಸನೆ ಮುಖಕ್ಕೆ ಬಡಿಯಿತು. ಹೊಸಪೇಟೆಯ ಬಿಸಿಲಿಗೆ ಅದು ಇನ್ನಷ್ಟು ಗಾಢವಾಗಿ ಮೆಟ್ಟಿಲುದ್ದಕ್ಕೂ ನಿಂತಿತ್ತು. ಸೆರಗನ್ನು ಮೂಗಿಗೆ ಒತ್ತಿಕೊಂಡು ಹತ್ತುತ್ತಿದ್ದವಳು ಅಲ್ಲೇ ನಿಂತುಬಿಟ್ಟೆ. ಹೀಗೇ ಸೆರಗು ಒತ್ತಿಕೊಂಡು, ಸ್ಟೂಲಿನ ಮೇಲೆ ನಿಂತು, ಕಿಟಕಿಯ ಸರಳುಗಳಿಗೆ ಬಣ್ಣ ಬಳಿಯುತ್ತಿದ್ದ, ಸಂಡೂರಿನ ಪಕ್ಕದ ಮನೆಯ ಅಕ್ಕ ಕಣ್ಣ ಮುಂದೆ ಬಂದರು...

ನನಗೆ ಮೊದಲ ನೌಕರಿ ಸಿಕ್ಕಿದ್ದು ಸಂಡೂರಿನಲ್ಲಿ. ಬಾಡಿಗೆಗೆ ಹಿಡಿದ ಕೋಣೆ ಅದಿರಿನ ಲಾರಿಗಳು ಓಡಾಡುವ ರಸ್ತೆಗೆ ಅಂಟಿಕೊಂಡಿತ್ತು. ಅಲ್ಲಿ ಗಿಡದ ಎಲೆಗಳು ಕೆಂಪು, ನಾಯಿಯ ಬೆನ್ನು ಕೆಂಪು. ಒಣಗಲು ಹಾಕಿದ ಬಟ್ಟೆಯನ್ನು ಸಂಜೆ ತೆಗೆಯುವ ಮೊದಲು ಕೊಡವಬೇಕಿತ್ತು. ನನ್ನ ಕೋಣೆಗೂ ಅಕ್ಕನ ಮನೆಗೂ ನಡುವೆ ಒಂದೇ ಗೋಡೆ. ಅವರ ಕೆಮ್ಮು ಕೇಳಿಯೇ ನಾನು ಬೆಳಗ್ಗೆ ಏಳುತ್ತಿದ್ದೆ.

ಅಕ್ಕನಿಗೆ ದಮ್ಮು. ಮದುವೆಯಾಗಿ ಕಂಪ್ಲಿಯಿಂದ ಬರುವಾಗ ಅದೇನೂ ಇರಲಿಲ್ಲವಂತೆ. ಹೊಸಪೇಟೆಯ ಡಾಕ್ಟರು, ಔಷಧಿಗಿಂತ ಮೊದಲು ಆ ಜಾಗ ಬಿಡಿ ಎಂದು ಸ್ಪಷ್ಟವಾಗಿ ಹೇಳಿದ್ದರು. ಆದರೆ ಆ ಮನೆ ಅಕ್ಕನ ಯಜಮಾನರ ಅಪ್ಪ ಕಟ್ಟಿಸಿದ್ದು. ಗಣಿ ಲಾರಿಗಳನ್ನು ತೂಗುವ ಕಡೆ ಕೆಲಸಕ್ಕಿದ್ದ ಯಜಮಾನರಿಗೆ ಅದು ನಡೆದುಹೋಗುವಷ್ಟು ಹತ್ತಿರ. ಕೆಟ್ಟ ಮನುಷ್ಯರೇನಲ್ಲ, ಇನ್‌ಹೇಲರ್ ತರುವುದನ್ನು ಎಂದೂ ಮರೆತವರಲ್ಲ. ಮನೆ ಮಾರಿ ಕಂಪ್ಲಿಗೆ ಹೋಗೋಣ ಎಂದು ಅಕ್ಕ ಕೇಳಿದಾಗಲೆಲ್ಲ ಅವರದು ಒಂದೇ ಮಾತು.

“ಈ ಹಾಳು ಮನಿ ಯಾರ ತಗೋತಾರ? ಮೊದ್ಲು ಇದು ಒಂದು ರೂಪಕ್ಕ ಬರ್ಲಿ. ಆಮ್ಯಾಲ ನೋಡೂಣು.”

ಅದು ಮಾತು ತೇಲಿಸಲು ಆಡಿದ್ದೋ ಏನೋ. ಅಕ್ಕ ಮಾತ್ರ ಅದನ್ನು ಒಪ್ಪಂದದಂತೆ ಹಿಡಿದುಕೊಂಡರು.

ಮನೆಗೆ ಒಳ್ಳೆಯ ಬೆಲೆ ಬರಬೇಕೆಂದರೆ ಏನೇನು ಮಾಡಬೇಕು ಎಂದು ಹೇಳುವ ವಿಡಿಯೋಗಳನ್ನು ಫೋನಿನಲ್ಲಿ ನೋಡತೊಡಗಿದರು. ಬಾಗಿಲಿಗೆ ಗಾಢ ಬಣ್ಣ ಕೊಟ್ಟರೆ ನೋಡಲು ಬಂದವರ ಮನಸ್ಸು ಹೊಸ್ತಿಲಲ್ಲೇ ಅರ್ಧ ಒಪ್ಪುತ್ತದಂತೆ. ಅಡಿಗೆಮನೆಯಲ್ಲಿ ಬೆಳಕು ಹೆಚ್ಚಿದ್ದರೆ ಕೋಣೆ ದೊಡ್ಡದಾಗಿ ಕಾಣುತ್ತದಂತೆ. ನಾನು ಶಾಲೆಯಿಂದ ಬರುವಷ್ಟರಲ್ಲಿ ದಿನವೂ ಏನಾದರೊಂದು ಹೊಸದಾಗಿರುತ್ತಿತ್ತು. ವರ್ಷಗಟ್ಟಲೆ ತೊಟ್ಟಿಕ್ಕುತ್ತಿದ್ದ ನಲ್ಲಿಗೆ ತಾವೇ ವಾಷರ್ ಹಾಕಿದರು. ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟರು. ಗೋಡೆಯ ಬಿರುಕುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ತಿಳಿ ಹಳದಿ ಬಳಿದರು. ಅಡಿಗೆಮನೆಯ ಕಡಪಾ ಕಲ್ಲನ್ನು ತಿಕ್ಕಿ ತಿಕ್ಕಿ ಮುಖ ಕಾಣುವಂತೆ ಮಾಡಿದರು.

ಪುಟ್ಟಿ ಉಜ್ಜಿದ ದಿನ ಮನೆಯೆಲ್ಲ ಬಿಳಿ ಪುಡಿ. ಅಕ್ಕ ಅಂಗಳದ ಕಟ್ಟೆಯ ಮೇಲೆ ಕುಳಿತು ಉಸಿರಿಗಾಗಿ ಒದ್ದಾಡುತ್ತಿದ್ದರು. ನನಗೆ ಸಿಟ್ಟೇ ಬಂತು.

“ಅಕ್ಕಾ, ಯಾರನ್ನರ ಕೂಲಿಗೆ ಕರೀರಿ. ಇದು ನಿಮಗ ಆಗೂ ಕೆಲಸ ಅಲ್ಲ.”

ಉಸಿರು ಒಂದು ಹದಕ್ಕೆ ಬಂದ ಮೇಲೆ ಅವರು ಹೇಳಿದರು: “ಕೂಲಿಯವ್ರು ಇವತ್ತ ಬಂದ್ರ ನಾಳಿ ಬರಂಗಿಲ್ರಿ ಟೀಚರ್. ನಮ್ಮನಿಯವ್ರ ಮನಸ್ಸು ಬದಲಾಗೂದ್ರಾಗ ನಂದು ಮುಗೀಬೇಕು.”

ಕೊನೆಗೆ ಉಳಿದದ್ದು ಕಿಟಕಿಗಳು. ಸರಳುಗಳಿಗೆ ಕಪ್ಪು ಬಣ್ಣ ಕೊಟ್ಟ ಮೇಲೂ ಕಿಟಕಿಯ ಸಂದಿಗಳಿಂದ ಕೆಂಪು ಧೂಳು ಒಳಗೆ ಬಂದು ಹಳದಿ ಗೋಡೆಯ ಮೇಲೆ ಕೂರುತ್ತಿತ್ತು. ನೋಡಲು ಬರುವವರಿಗೆ ಅದು ಕಾಣಬಾರದು. ಹಳೆಯ ಸೈಕಲ್ ಟ್ಯೂಬುಗಳನ್ನು ತಂದು, ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಕಿಟಕಿಯ ಅಂಚಿಗೂ ಅಂಟಿಸಿದರು. ಮುಚ್ಚಿದರೆ ಗಾಳಿಯೂ ನುಸುಳದ ಹಾಗೆ ಕೂತವು. ಲಾರಿಗಳ ಸದ್ದು ಕೂಡ ಎಲ್ಲೋ ದೂರದ್ದು ಎನ್ನುವಂತೆ ಕೇಳುತ್ತಿತ್ತು. ಒಳಗೆ ನಿಂತರೆ ನನಗೆ ಸೆಕೆಯಿಂದ ತಲೆ ಸುತ್ತುತ್ತಿತ್ತು. ಅಕ್ಕನಿಗೆ ಮಾತ್ರ ಖುಷಿ.

ಒಂದು ಸಂಜೆ ಯಜಮಾನರು ಬಂದವರೇ ಮೇಜಿನ ಮೇಲೆ ಬೆರಳೆಳೆದು ನೋಡಿದರು. ಬೆರಳು ಸ್ವಚ್ಛ. “ಎಲ್ಲೈತಿ ಧೂಳು?” ಎಂದು ನಕ್ಕರು. ಅಕ್ಕನೂ ನಕ್ಕರು. ನಾನೂ ನಕ್ಕೆ... ಆ ಪ್ರಶ್ನೆ ಎಲ್ಲಿಗೆ ಹೋಗಿ ಮುಟ್ಟಲಿದೆ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಅಕ್ಕನೇ ಅವರಿವರಿಗೆ ಹೇಳಿಟ್ಟಿದ್ದರಿಂದ ಕುರೆಕುಪ್ಪದ ಗಂಡ ಹೆಂಡತಿ ಮನೆ ನೋಡಲು ಬಂದರು. ಗಂಡ ಸ್ಟೀಲ್ ಕಾರ್ಖಾನೆಯ ನೌಕರ. ಧೈರ್ಯಕ್ಕಿರಲಿ ಎಂದು ಅಕ್ಕ ನನ್ನನ್ನೂ ಕರೆದಿದ್ದರು. ಬಂದಾಕೆ ಗೋಡೆಯ ಮೇಲೆ ಅಂಗೈ ಆಡಿಸಿದಳು, ನಲ್ಲಿ ತಿರುಗಿಸಿ ನೋಡಿದಳು, ಕಡಪಾ ಕಲ್ಲಿನ ಮುಂದೆ ನಿಂತು ಗಂಡನ ಕಡೆ ಕಣ್ಣು ಮಾಡಿದಳು. ಅವನು ಯಜಮಾನರನ್ನು ಕೇಳಿದ: “ನಮಗ ಒಪ್ಪಿಗಿ ಐತ್ರಿ. ಯಾವಾಗ ಬಿಟ್ಟುಕೊಡ್ತೀರಿ?”

ಯಜಮಾನರು ಸುತ್ತ ನೋಡಿದರು. ಆ ಮನೆಯನ್ನು ಅವರು ಅದೇ ಮೊದಲ ಸಲ ನೋಡುತ್ತಿದ್ದಾರೆ ಎನಿಸಿತು.

“ಇಲ್ರೀ, ಮಾರಂಗಿಲ್ಲ,” ಎಂದರು. “ಇಂಥಾ ಮನಿ ಮತ್ತ ಎಲ್ಲಿ ಸಿಗ್ತದ?”

ಅಕ್ಕ ಚಹಾದ ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಯಜಮಾನರು ಅವರ ಕಡೆ ತಿರುಗಿ, ಮೆಚ್ಚಿಗೆಯಿಂದಲೇ, ನಿಜವಾದ ಮೆಚ್ಚಿಗೆಯಿಂದಲೇ ಹೇಳಿದರು: “ನೀನ ಇಷ್ಟು ಕಷ್ಟಪಟ್ಟು ಮಾಡೀದಿ. ಬ್ಯಾರೇದವ್ರಿಗೆ ಯಾಕ ಕೊಡೂದು?”

ಅಕ್ಕ ಎಲ್ಲರಿಗೂ ಚಹಾ ಕೊಟ್ಟರು. ಬಂದವರು ಮುಖ ಸಣ್ಣದು ಮಾಡಿಕೊಂಡು ಹೋದರು. ನಾನೂ ನನ್ನ ಕೋಣೆಗೆ ಬಂದೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಅಕ್ಕನ ದನಿ ಕೇಳಿತು. ಅಷ್ಟು ಜೋರಾಗಿ ಅವರು ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

“ನನಗ ಇಲ್ಲಿ ಉಸ್ರಾಡಾಕ ಆಗವಲ್ದು.”

“ಈಗ ಧೂಳ ಇಲ್ಲಲ್ಲ. ನೀನ ಬಂದ್ ಮಾಡೀದಿ.”

ನಲ್ಲಿ ತಿರುಗಿದ, ಚಹಾದ ಲೋಟ ತೊಳೆಯುವ ಸದ್ದು ಕೇಳಿತು.

ಆಮೇಲೆ ಅವರು ಬ್ರಷ್ಷು ಮುಟ್ಟಲಿಲ್ಲ. ಓಣಿಯ ಹೆಂಗಸರು ಮನೆ ನೋಡಲು ಬರುತ್ತಿದ್ದರು, “ನಿಮ್ಮ ಪುಣ್ಯ ಬಿಡ್ರಿ” ಎನ್ನುತ್ತಿದ್ದರು. ಅಕ್ಕ ಹೂಂ ಎನ್ನುತ್ತಿದ್ದರು. ಹೊರಗೆ ಬಂದರೆ ಧೂಳಿಗೆ ದಮ್ಮು ಎಳೆಯುತ್ತದೆಂದು ಬರಬರುತ್ತ ಅಂಗಳಕ್ಕೂ ಇಳಿಯದಾದರು. ಕಿಟಕಿಗಳು ಹಗಲೆಲ್ಲ ಮುಚ್ಚಿಯೇ ಇರುತ್ತಿದ್ದವು. ಒಳಗೆ ಫ್ಯಾನು ಅದೇ ಗಾಳಿಯನ್ನು ಸುತ್ತಿಸುತ್ತಿತ್ತು. ನಾನು ಹೋದರೆ ಪಕ್ಕದಲ್ಲಿ ಕೂರಿಸಿಕೊಂಡು ಕಂಪ್ಲಿಯ ಮಾತು ತೆಗೆಯುತ್ತಿದ್ದರು. ಹೊಳೆಯ ಕಡೆಯಿಂದ ಬೀಸುವ ಗಾಳಿ, ಭತ್ತದ ಗದ್ದೆಯ ಹಸಿ ವಾಸನೆ... ಹೇಳುತ್ತ ಹೇಳುತ್ತ ಅರ್ಧಕ್ಕೇ ನಿಲ್ಲಿಸುತ್ತಿದ್ದರು.

ನನಗೆ ಹೊಸಪೇಟೆಗೆ ವರ್ಗವಾಯಿತು. ಹೇಳಿಹೋಗಲು ಹೋದಾಗ ಅಕ್ಕ ಬಾಗಿಲ ತನಕ ಬಂದರು. ನನ್ನ ಕೈ ಹಿಡಿದುಕೊಂಡು, “ನೀವರ ಇಲ್ಲಿಂದ ಹೊಂಟ್ರಿ,” ಎಂದರು. ಆ ಮಾತಿನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಮೊದಮೊದಲು ಫೋನು ಮಾಡುತ್ತಿದ್ದೆವು. ಮಾತಿಗಿಂತ ಕೆಮ್ಮೇ ಹೆಚ್ಚಾದಾಗ ಅವರೇ ಇಡುತ್ತಿದ್ದರು. ಆಮೇಲೆ ಅದೂ ಕಡಿಮೆಯಾಗುತ್ತ...

ಹೋದ ವಾರ ಮೆಟ್ಟಿಲಲ್ಲಿ ನಿಂತವಳು ಮನೆಗೆ ಬಂದವಳೇ ಅಕ್ಕನ ಹಳೆಯ ನಂಬರಿಗೆ ಫೋನು ಹಚ್ಚಿದೆ. ಎತ್ತಿದವರು ಯಜಮಾನರು. ದನಿಗೆ ವಯಸ್ಸಾಗಿತ್ತು. ಅಕ್ಕ ತೀರಿಕೊಂಡು ಒಂದು ವರ್ಷದ ಮೇಲಾಯಿತೆಂದು ಹೇಳಿದರು. ನನಗೆ ಫೋನು ಮಾಡಿದರಂತೆ, ಹತ್ತಲಿಲ್ಲವಂತೆ; ಅಷ್ಟರಲ್ಲಿ ನಾನು ನಂಬರು ಬದಲಿಸಿದ್ದೆ.

“ಮನ್ಯಾಗ ಒಬ್ಬನ ಇರಾಕ ಆಗ್ಲಿಲ್ರಿ ಟೀಚರ್. ಯಾವ ಗ್ವಾಡಿ ನೋಡಿದ್ರೂ ಆಕೀನ. ಮಾರಿಬಿಟ್ಟೆ. ಮಾರ್ತೀನಂದ ಮ್ಯಾಲ ಮೊದ್ಲ ನೋಡಾಕ ಬಂದವ್ರ ತಗೊಂಡ್ರು, ಏನೂ ತಕರಾರ ಮಾಡ್ಲಿಲ್ಲ.”

“ಈಗ ಎಲ್ಲಿದ್ದೀರಿ?” ಎಂದು ಕೇಳಿದೆ.

“ಕಂಪ್ಲ್ಯಾಗ. ಆಕಿ ತಮ್ಮನ ಮನಿ ಹತ್ರಾನ ಒಂದು ಬಾಡಿಗಿ ಮನಿ ಮಾಡೀನಿ.” ಅವರೇ ಮುಂದುವರಿಸಿದರು: “ಇಲ್ಲಿ ಗಾಳಿ ಭಾಳ ಚೊಲೋ ಐತ್ರಿ. ಆಕಿ ಹೇಳ್ತಿದ್ದಳು, ನಾ ಅಷ್ಟು ಕಿವ್ಯಾಗ ಹಾಕ್ಕೊಳ್ಳಿಲ್ಲ.”

ಒಮ್ಮೆ ಬಂದು ಹೋಗಿರೆಂದು ಕರೆದರು. ಬರುತ್ತೇನೆ ಎಂದೆ. ಹೊಸಪೇಟೆ ಸ್ಟ್ಯಾಂಡಿನಿಂದ ಕಂಪ್ಲಿಗೆ ಬಸ್ಸುಗಳು ಬೇಕಾದಷ್ಟಿವೆ. ಈ ಭಾನುವಾರ ಸ್ಟ್ಯಾಂಡಿನವರೆಗೆ ಹೋದವಳು, ಬಸ್ಸಿನ ಬೋರ್ಡು ಓದಿ, ಹಾಗೇ ಮನೆಗೆ ವಾಪಸು ಬಂದೆ. ಅಕ್ಕ ಹಂಬಲಿಸಿಯೂ ಮರಳಲಾಗದ ಆ ಊರಿಗೆ, ಅವರಿಲ್ಲದೆ ಹೋಗಿ ನಿಲ್ಲಲು ನನಗಿನ್ನೂ ಆಗುತ್ತಿಲ್ಲ.